ಮಂಗೋಲಿಯನ್ ಜಾಸ್ತಿ ಕಡೆ ಇದೆಯಾ, ಮಲಯಾಳಂ ಜಾಸ್ತಿ ಕಡೆ ಇದೆಯಾ? ಮನೆಯ ಜಗಳ ಬಗೆಹರಿಸಿ

ಗೋಡೆನಕ್ಷೆ:
ನಮ್ಮ ಹಜಾರದ ಗೋಡೆಯಲ್ಲಿ ದೊಡ್ಡದೊಂದು ಪ್ರಪಂಚದ ನಕ್ಷೆ ಇದೆ. ಎಂಟನೇ ಕ್ಲಾಸಿನ ಮಗ ಯಾವ ಭಾಷೆ ಎಲ್ಲಿದೆ ಅಂತ ಅದರ ಮೇಲೆ ಬಣ್ಣ ಹಚ್ಚುತ್ತಿದ್ದಾನೆ. ಅಕ್ಷರಮಾಲೆಯ ಪ್ರಕಾರ ಹೋಗಿ ಈಗ 'ಮ'ಕ್ಕೆ ಬಂದಿದ್ದಾನೆ. ಮಂಗೋಲಿಯನ್‌ಗೆ ಹಳದಿ, ಮಲಯಾಳಂಗೆ ಹಸಿರು. ಹಳದಿ ಅಂಗೈ ಅಗಲ ಬಂತು. ಹಸಿರು ಒಂದು ಗೀರಿನಷ್ಟು. "ಹಾಗಾದ್ರೆ ಮಂಗೋಲಿಯನ್ನೇ ದೊಡ್ಡ ಭಾಷೆ" ಅಂದ. ಅವನ ಸೋದರಮಾವ ಹತ್ತು ವರ್ಷ ಕೊಚ್ಚಿಯಲ್ಲಿ ಕೆಲಸ ಮಾಡಿದವರು. ಅವರು ಒಪ್ಪಲೇ ಇಲ್ಲ. "ಮಲಯಾಳಿ ಇಲ್ಲದ ಊರು ತೋರಿಸು ನೋಡೋಣ" ಅಂತ ಕೂತರು. ಊಟ ಆರಿಹೋಗುವವರೆಗೂ ಮಾತು ನಡೆಯಿತು.

ನನ್ನ ಪ್ರಶ್ನೆ ಇಷ್ಟೇ. ಒಂದು ಭಾಷೆಯನ್ನು ಎಲ್ಲಿ ಮಾತಾಡುತ್ತಾರೆ ಅನ್ನುವುದಕ್ಕೆ ಜಾಗ ನೋಡಬೇಕಾ, ಜನ ನೋಡಬೇಕಾ? ಈ ಎರಡು ಭಾಷೆಗಳ ಬಗ್ಗೆ ಗೊತ್ತಿರುವವರು ಹೇಳಿ. ಹುಡುಗ ಪೆನ್ಸಿಲ್ ಹಿಡಿದು ಕಾಯುತ್ತಿದ್ದಾನೆ.

ಗಣತಿಲೆಕ್ಕ:
ಜನ ನೋಡಿದರೆ ವಾದಕ್ಕೆ ಜಾಗವೇ ಇಲ್ಲ. 2011ರ ಜನಗಣತಿಯಲ್ಲಿ ಭಾರತದಲ್ಲಿ ಮಲಯಾಳಂ ತಾಯ್ನುಡಿ ಅಂತ ಬರೆಸಿದವರು 3.48 ಕೋಟಿ. ಮಂಗೋಲಿಯಾ ದೇಶದ ಇಡೀ ಜನಸಂಖ್ಯೆ 2020ರಲ್ಲಿ ಸುಮಾರು 33 ಲಕ್ಷ. ಹತ್ತು ಪಟ್ಟು ವ್ಯತ್ಯಾಸ.

ಜಾಗ ನೋಡಿದರೆ ಲೆಕ್ಕ ತಿರುಗಿ ಬೀಳುತ್ತದೆ. ಮಂಗೋಲಿಯಾ 15.6 ಲಕ್ಷ ಚದರ ಕಿಲೋಮೀಟರ್, ಕೇರಳ 38,863. ಮಂಗೋಲಿಯಾದಲ್ಲಿ 40 ಕೇರಳ ಹಿಡಿಸುತ್ತದೆ. ನಮ್ಮ ಕರ್ನಾಟಕವೇ ಎಂಟು ಸಲ ಹಿಡಿಸುತ್ತದೆ. ಕೇರಳದಲ್ಲಿ ಚದರ ಕಿಲೋಮೀಟರಿಗೆ 860 ಜನ, ಅಲ್ಲಿ ಇಬ್ಬರು.

ತೆಂಗಿನಗರಿ:
ಅಂದ್ರೆ ಹುಡುಗ ಹಳದಿ ಹಚ್ಚಿದ್ದು ಬಹುಪಾಲು ಹುಲ್ಲುಗಾವಲಿಗೆ, ಗೋಬಿ ಮರಳಿಗೆ. ಕುದುರೆ, ಕುರಿ ಬಿಟ್ಟರೆ ಅಲ್ಲಿ ಮಾತಾಡುವವರು ಯಾರು?

ಉತ್ತರದಗಾಳಿ:
@ತೆಂಗಿನಗರಿ ಹಾಗೆ ತಳ್ಳಿಹಾಕಬೇಡಿ. ಕುರಿ ಮೇಯಿಸುತ್ತಾ ವರ್ಷಕ್ಕೆ ನಾಲ್ಕು ಸಲ ಬೀಡು ಬದಲಿಸುವ ಕುಟುಂಬಕ್ಕೆ ಆ ಹುಲ್ಲುಗಾವಲೇ ಊರು. ಜನ ಕಡಿಮೆ ಅಂದ ಮಾತ್ರಕ್ಕೆ ಜಾಗ ಖಾಲಿ ಅಲ್ಲ. ದೇಶದ ಸುಮಾರು ಅರ್ಧ ಜನ ಈಗ ಉಲಾನ್‌ಬಾತರ್ ಎಂಬ ಒಂದೇ ನಗರದಲ್ಲಿದ್ದಾರೆ ಅನ್ನುವುದು ನಿಜ. ಆದರೂ ಅಷ್ಟು ಅಗಲದ ನೆಲದಲ್ಲಿ ಒಂದು ಕೊನೆಯವನ ಮಾತು ಇನ್ನೊಂದು ಕೊನೆಯವನಿಗೆ ಅರ್ಥವಾಗುತ್ತದೆ. ನಮ್ಮಲ್ಲಿ ಮಂಗಳೂರು, ಬೀದರ್, ಚಾಮರಾಜನಗರ ಸೇರಿಸಿ ನೋಡಿ, ಎಷ್ಟು ಕಷ್ಟ!

@ಗಣತಿಲೆಕ್ಕ ನಿಮ್ಮ ಲೆಕ್ಕದಲ್ಲಿ ದೊಡ್ಡದೊಂದು ಬಿಟ್ಟುಹೋಗಿದೆ. ಮಂಗೋಲರು ಮಂಗೋಲಿಯಾಗಿಂತ ಚೀನಾದಲ್ಲೇ ಜಾಸ್ತಿ ಇದ್ದಾರೆ. ಚೀನಾದ 2020ರ ಗಣತಿಯಲ್ಲಿ ಮಂಗೋಲರ ಸಂಖ್ಯೆ ಸುಮಾರು 63 ಲಕ್ಷ. ಹೆಚ್ಚಿನವರು ಒಳ ಮಂಗೋಲಿಯಾ ಅನ್ನುವ ಸ್ವಾಯತ್ತ ಪ್ರದೇಶದಲ್ಲಿ. ಆದರೆ ಅಲ್ಲಿ ಅವರು ಐವರಲ್ಲಿ ಒಬ್ಬರೂ ಇಲ್ಲ, ಉಳಿದವರಲ್ಲಿ ಹೆಚ್ಚಿನವರು ಹಾನ್ ಚೀನಿಯರು. ಮಂಗೋಲ ಅಂತ ಬರೆಸಿದವರೆಲ್ಲ ಮನೆಯಲ್ಲಿ ಮಂಗೋಲಿಯನ್ ಆಡುವುದೂ ಇಲ್ಲ.

ಗಣತಿಲೆಕ್ಕ:
ಒಪ್ಪಿದೆ, ಚೀನಾ ಬಿಟ್ಟಿದ್ದು ತಪ್ಪು. ಆದರೂ ಎಲ್ಲ ಸೇರಿಸಿದರೂ ಒಂದು ಕೋಟಿ ದಾಟುವುದಿಲ್ಲ, ಅಲ್ವಾ?

ಉತ್ತರದಗಾಳಿ:
ದಾಟುವುದಿಲ್ಲ. ಜನಸಂಖ್ಯೆಯಲ್ಲಿ ಮಲಯಾಳಂ ಮುಂದೆ, ಅದರಲ್ಲಿ ಅನುಮಾನ ಇಲ್ಲ.

ಗಡಿಯಾಚೆ:
ಇನ್ನೊಂದು ತಿದ್ದುಪಡಿ. ಮಂಗೋಲಿಯಾ ದೇಶವನ್ನೂ ಪೂರ್ತಿ ಹಳದಿ ಮಾಡಬೇಡಿ. ಪಶ್ಚಿಮದ ತುದಿಯ ಬಯಾನ್ ಉಲ್ಗಿ ಪ್ರಾಂತ್ಯದಲ್ಲಿ ಹೆಚ್ಚಿನವರು ಕಝಾಕರು. ಹದ್ದು ಹಿಡಿದು ಬೇಟೆಯಾಡುವವರ ಫೋಟೋ ನೋಡಿರುತ್ತೀರಲ್ಲ, ಬಹಳಷ್ಟು ಅವರದೇ. ಅವರ ಮನೆಮಾತು ಕಝಾಕ್. ಅದು ತುರ್ಕಿ ಗುಂಪಿನ ಭಾಷೆ.

ಕಾಸರಗೋಡಿನವಳು:
ಇದೇ ಮಾತು ಕೇರಳಕ್ಕೂ ಹೇಳಬೇಕು. ಇಡೀ ಕೇರಳಕ್ಕೆ ಹಸಿರು ಬಳಿದರೆ ನಮ್ಮ ಮನೆ ಎಲ್ಲಿಗೆ ಹೋಗಬೇಕು? ನಮ್ಮೂರು ಮಂಜೇಶ್ವರದ ಹತ್ತಿರ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ. ಪಕ್ಕದ ಮನೆಯಲ್ಲಿ ಕೊಂಕಣಿ, ಎದುರುಮನೆಯಲ್ಲಿ ಬ್ಯಾರಿ. ಸಪ್ತಭಾಷೆಗಳ ಊರು ಅಂತ ಸುಮ್ನೆ ಕರೆಯುವುದಲ್ಲ. ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯಿಂದ ಉತ್ತರಕ್ಕಿರುವ ಭಾಗ ಕರ್ನಾಟಕಕ್ಕೆ ಬರಬೇಕು ಅಂತ ಮಹಾಜನ ಆಯೋಗ 1967ರಲ್ಲೇ ಹೇಳಿತು. ಅದು ಕಾಗದದಲ್ಲೇ ಉಳಿಯಿತು. ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಅವರ ನೆಲ ಇದು. ದಯವಿಟ್ಟು ಮಗನಿಗೆ ಹೇಳಿ, ಆ ಉತ್ತರದ ತುದಿಯಲ್ಲಿ ಹಸಿರಿನ ಜೊತೆ ಇನ್ನೂ ಬಣ್ಣ ಬೇಕು.

ಗೋಡೆನಕ್ಷೆ:
ಹೇಳಿದೆ. "ಅಷ್ಟು ಚಿಕ್ಕ ಜಾಗದಲ್ಲಿ ಏಳು ಬಣ್ಣ ಹೇಗೆ ಹಚ್ಚಲಿ?" ಅಂತ ಕೇಳುತ್ತಿದ್ದಾನೆ.

ಕಾಸರಗೋಡಿನವಳು:
ಚುಕ್ಕೆ ಇಡಲಿ.

ಪಾಲಕ್ಕಾಡ್ ಗಾಳಿ:
ದಕ್ಷಿಣ, ಪೂರ್ವದ ಕಡೆಗೂ ಹಾಗೆಯೇ. ದೇವಿಕುಳಂ, ಮುನ್ನಾರಿನ ಚಹಾ ತೋಟಗಳಲ್ಲಿ ತಮಿಳು. ಅಟ್ಟಪ್ಪಾಡಿಯಲ್ಲಿ ಇರುಳ ಭಾಷೆ. ಇನ್ನು ಮಲಯಾಳಂ ಕೇರಳದ ಹೊರಗೆ ಇರುವುದನ್ನೂ ಮರೆಯಬೇಡಿ. ಮಾಹೆ ಬರೀ 9 ಚದರ ಕಿಲೋಮೀಟರ್, ಸುತ್ತ ಕೇರಳ, ಆಡಳಿತ ಮಾತ್ರ ಪುದುಚೇರಿಯದು. ಅಲ್ಲಿ ಮಲಯಾಳಂ. ಲಕ್ಷದ್ವೀಪದಲ್ಲೂ ಮಲಯಾಳಂ. ದ್ವೀಪದವರ ಮಾತಿಗೆ ಜೆಸರಿ ಅನ್ನುತ್ತಾರೆ. ಕೊಚ್ಚಿಯವರಿಗೆ ಅದು ಮೊದಲ ಸಲಕ್ಕೆ ಹಿಡಿಯುವುದು ಕಷ್ಟ.

ಸುಳ್ಯದಸಂತೆ:
ಬ್ಯಾರಿ ಭಾಷೆಯನ್ನೂ ಮಲಯಾಳಂ ಅಂತಲೇ ಸೇರಿಸಿದರೆ ಹಸಿರು ಉಡುಪಿವರೆಗೂ ಬರುತ್ತದೆ. ಅದು ಮಲಯಾಳಂನದೇ ಒಂದು ರೂಪ ಅಲ್ವಾ?

ಉಳ್ಳಾಲದ ಅಲೆ:
ಅಲ್ಲ. ಈ ಮಾತು ಕೇಳಿ ಕೇಳಿ ಬೇಸರವಾಗಿದೆ. ಬ್ಯಾರಿಗೆ ಮಲಯಾಳಂ ಹತ್ತಿರದ ನೆಂಟ, ತುಳುವೂ ಅದರೊಳಗೆ ಬೆರೆತಿದೆ. ಆದರೆ ನಮಗೆ ಅದು ಬೇರೆಯೇ ಭಾಷೆ. ಕರ್ನಾಟಕ ಸರ್ಕಾರದ ಬ್ಯಾರಿ ಸಾಹಿತ್ಯ ಅಕಾಡೆಮಿಯೇ ಇದೆ. ನನ್ನ ಅಜ್ಜಿ ಕಣ್ಣೂರಿನ ನೆಂಟರ ಜೊತೆ ಮಾತಾಡುವಾಗ ಪ್ರತಿ ಮಾತಿಗೂ ನಿಂತು ನಿಂತು ಹೋಗುತ್ತಿದ್ದರು. ಒಂದೇ ಭಾಷೆಯಾಗಿದ್ದರೆ ಹಾಗಾಗುತ್ತಿತ್ತಾ?

ಉತ್ತರದಗಾಳಿ:
@ಉಳ್ಳಾಲದ ಅಲೆ ನಿಮ್ಮ ಅಜ್ಜಿಯ ಕಥೆಯೇ ಮಂಗೋಲಿಯನ್ ಕಡೆಯ ದೊಡ್ಡ ಪ್ರಶ್ನೆ. ಮಂಗೋಲಿಯಾದಲ್ಲಿ ಖಾಲ್ಖಾ ರೂಪ ನಡೆಯುತ್ತದೆ. ಒಳ ಮಂಗೋಲಿಯಾದಲ್ಲಿ ಚಾಖರ್ ರೂಪಕ್ಕೆ ಬೆಲೆ. ಇವೆರಡು ಪರಸ್ಪರ ಅರ್ಥವಾಗುತ್ತವೆ. ಬೈಕಲ್ ಸರೋವರದ ಸುತ್ತಮುತ್ತ ರಷ್ಯಾದಲ್ಲಿ ಬುರ್ಯಾತ್ ಇದೆ. ಅದು ಬೇರೆ ಭಾಷೆಯಾ, ಉಪಭಾಷೆಯಾ ಅಂತ ಚರ್ಚೆ ಮುಗಿದಿಲ್ಲ. ಇನ್ನು ಕಲ್ಮೀಕ್ ಇರುವುದು ಕ್ಯಾಸ್ಪಿಯನ್ ಸಮುದ್ರದ ಪಶ್ಚಿಮಕ್ಕೆ, ಯುರೋಪಿನ ನೆಲದಲ್ಲಿ! ಉಲಾನ್‌ಬಾತರ್‌ನಿಂದ ಸಾವಿರಾರು ಕಿಲೋಮೀಟರ್ ದೂರ.

ಅವರ ಕಥೆ ಓದಿದರೆ ಹೊಟ್ಟೆ ಕಿವುಚಿದಂತಾಗುತ್ತದೆ. 17ನೇ ಶತಮಾನದಲ್ಲಿ ಓಯಿರಾತ್ ಮಂಗೋಲರು ಹುಲ್ಲು ಹುಡುಕುತ್ತಾ ವೋಲ್ಗಾ ನದಿಯ ಕೆಳಭಾಗಕ್ಕೆ ಬಂದರು. 1771ರಲ್ಲಿ ಅವರಲ್ಲಿ ದೊಡ್ಡ ಪಾಲು ಮತ್ತೆ ಪೂರ್ವಕ್ಕೆ ಹೊರಟಿತು. ದಾರಿಯಲ್ಲೇ ಲೆಕ್ಕವಿಲ್ಲದಷ್ಟು ಜನ ಸತ್ತರು. ಹೋಗದೆ ಉಳಿದವರೇ ಇಂದಿನ ಕಲ್ಮೀಕರು. 1943ರ ಡಿಸೆಂಬರ್‌ನಲ್ಲಿ ಸೋವಿಯತ್ ಸರ್ಕಾರ ಇಡೀ ಜನಾಂಗವನ್ನೇ ರೈಲಿಗೆ ತುಂಬಿ ಸೈಬೀರಿಯಾಕ್ಕೆ ಕಳಿಸಿತು. ಚಳಿಗಾಲದಲ್ಲಿ! 1957ರಲ್ಲಿ ವಾಪಸ್ ಬರಲು ಬಿಟ್ಟರು. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ರಷ್ಯನ್ ಕಲಿತು ಬೆಳೆದಿದ್ದರು. ಈಗ ರಾಜಧಾನಿ ಎಲಿಸ್ತಾದಲ್ಲೂ ಬೀದಿಯಲ್ಲಿ ಕೇಳುವುದು ಜಾಸ್ತಿ ರಷ್ಯನ್ನೇ.

ಹೀಗಿರುವಾಗ ಕಲ್ಮೀಕಿಯಾಕ್ಕೆ ಹಳದಿ ಹಚ್ಚಬೇಕಾ? ನಾನಂತೂ ಹಚ್ಚುತ್ತೇನೆ. ತೆಳುವಾಗಿಯಾದರೂ.

ಮುಂಡಗೋಡದವ:
ಕಲ್ಮೀಕ್ ಹೆಸರು ಬಂತಲ್ಲ, ಇಷ್ಟು ಹೊತ್ತು ಸುಮ್ಮನಿದ್ದೆ, ಈಗ ಹೇಳಲೇಬೇಕು. ನಾನು ಉತ್ತರ ಕನ್ನಡದ ಮುಂಡಗೋಡದವನು. ಇಲ್ಲಿನ ಟಿಬೆಟನ್ ಕ್ಯಾಂಪಿನಲ್ಲಿ ಡ್ರೆಪುಂಗ್ ಗೋಮಾಂಗ್ ಮಠ ಇದೆ. ಮಠ ಟಿಬೆಟ್‌ನ ಲ್ಹಾಸಾದಲ್ಲಿದ್ದ ಕಾಲದಿಂದಲೂ ಮಂಗೋಲಿಯಾ, ಬುರ್ಯಾತಿಯಾ, ಕಲ್ಮೀಕಿಯಾದ ಹುಡುಗರು ಓದಲು ಹೋಗುತ್ತಿದ್ದುದು ಗೋಮಾಂಗ್‌ಗೆ. ಮಠ ಇಲ್ಲಿಗೆ ಬಂದ ಮೇಲೆ ಅವರೂ ಇಲ್ಲಿಗೇ ಬರುತ್ತಾರೆ. ಕಲ್ಮೀಕರ ಧರ್ಮಗುರುವಾಗಿದ್ದ ತೆಲೋ ತುಲ್ಕು ರಿಂಪೋಚೆ ಹುಟ್ಟಿದ್ದು ಅಮೆರಿಕದಲ್ಲಿ, ಕಲಿತದ್ದು ಇದೇ ಗೋಮಾಂಗ್‌ನಲ್ಲಿ.

ನಮ್ಮ ಅಪ್ಪನ ಕಿರಾಣಿ ಅಂಗಡಿಗೆ ಇಬ್ಬರು ಲಾಮಾ ಹುಡುಗರು ಬರುತ್ತಿದ್ದರು. ಒಬ್ಬ ಮಂಗೋಲಿಯಾದವನು, ಇನ್ನೊಬ್ಬ ಕಲ್ಮೀಕಿಯಾದವನು. ಇಬ್ಬರೂ ಮಂಗೋಲರೇ ಅಲ್ವಾ, ತಮ್ಮ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಟಿಬೆಟನ್‌ನಲ್ಲಿ! ಒಂದು ದಿನ ಕೇಳಿಯೇಬಿಟ್ಟೆ. ಕಲ್ಮೀಕ್ ಹುಡುಗ ಹೇಳಿದ, "ನನ್ನ ಅಜ್ಜಿಗೆ ಬರುತ್ತಿತ್ತು. ನನಗೆ ರಷ್ಯನ್ ಬರುತ್ತದೆ." ಆಮೇಲೆ ಮಂಗೋಲಿಯಾದವನು ಅವನಿಗೆ ದಿನಕ್ಕೆ ಹತ್ತು ಪದ ಹೇಳಿಕೊಡಲು ಶುರುಮಾಡಿದ. ಅಂಗಡಿ ಕಟ್ಟೆಯ ಮೇಲೆ ಕೂತು, ಬಾಳೆಹಣ್ಣು ತಿನ್ನುತ್ತಾ. ಅಜ್ಜಿಯ ಮಾತು ಅವನಿಗೆ ಮತ್ತೆ ಸಿಕ್ಕಿದ್ದು ಮುಂಡಗೋಡದಲ್ಲಿ. ನನಗೆ ಅದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ತೆಂಗಿನಗರಿ:
ಇದು ಗೊತ್ತೇ ಇರಲಿಲ್ಲ! ಮೇಲೆ ಖಾಲಿ ಮರಳು ಅಂದಿದ್ದನ್ನು ವಾಪಸ್ ತಗೊಂಡೆ.

ಶಾರ್ಜಾಕನ್ನಡಿಗ:
ಸೋದರಮಾವನ ಪರವಾಗಿ ಒಂದು ಮಾತು. ಇಲ್ಲಿ ಕೊಲ್ಲಿಯಲ್ಲಿ ಮಲಯಾಳಂ ಬರೀ ಮನೆಮಾತಲ್ಲ, ಬೀದಿಮಾತು. ಕಿರಾಣಿ ಅಂಗಡಿ, ಚಹಾದಂಗಡಿ, ಆಸ್ಪತ್ರೆಯ ನರ್ಸು, ಎಲ್ಲ ಕಡೆ ಮಲಯಾಳಂ. ರೇಡಿಯೋ ಇದೆ, ಪತ್ರಿಕೆ ಇದೆ. 2018ರ ಕೇರಳ ವಲಸೆ ಸಮೀಕ್ಷೆ ಪ್ರಕಾರ ಹೊರದೇಶದಲ್ಲಿರುವ ಕೇರಳದವರು ಸುಮಾರು 21 ಲಕ್ಷ. ಹತ್ತರಲ್ಲಿ ಒಂಬತ್ತು ಮಂದಿ ಕೊಲ್ಲಿಯಲ್ಲೇ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಅರಬಿಗಿಂತ ಮೊದಲು ಕಲಿತದ್ದು ಮಲಯಾಳಂ. ಸತ್ಯ ಹೇಳುತ್ತೇನೆ, ಅದೇ ನನಗೆ ಕೆಲಸ ಕೊಡಿಸಿತು.

ಗಡಿಯಾಚೆ:
ಕೆಲಸಕ್ಕೆ ಹೋದವರನ್ನು ನಕ್ಷೆಯಲ್ಲಿ ಸೇರಿಸಬಾರದು. ವೀಸಾ ಮುಗಿದರೆ ವಾಪಸ್ ಬರುತ್ತಾರೆ. ಹಾಗೆ ಸೇರಿಸುವುದಾದರೆ ದಕ್ಷಿಣ ಕೊರಿಯಾದಲ್ಲಿ ಹತ್ತಾರು ಸಾವಿರ ಮಂಗೋಲರು ದುಡಿಯುತ್ತಾರೆ. ಕೊರಿಯಾಕ್ಕೂ ಹಳದಿ ಹಚ್ಚುತ್ತೀರಾ?

ಶಾರ್ಜಾಕನ್ನಡಿಗ:
ಹಚ್ಚಲಿ, ಏನಾಗುತ್ತದೆ? ಐವತ್ತು ವರ್ಷದಿಂದ ಒಂದೇ ಓಣಿಯಲ್ಲಿ ಕೇಳಿಸುವ ಭಾಷೆಯನ್ನು ಇಲ್ಲ ಅನ್ನುವುದು ಹೇಗೆ? ಇಲ್ಲೇ ಹುಟ್ಟಿ ಬೆಳೆದವರಿದ್ದಾರೆ. ಜನ ಬದಲಾಗುತ್ತಾರೆ, ಓಣಿಯ ಭಾಷೆ ಬದಲಾಗಿಲ್ಲ.

ಗಡಿಯಾಚೆ:
ಓಣಿ ಬೇರೆ, ನೆಲ ಬೇರೆ. ಭಾಷೆಗೆ ಅಲ್ಲಿ ಶಾಲೆ, ಕೋರ್ಟು, ಕಚೇರಿಯಲ್ಲಿ ಏನಾದರೂ ಹಕ್ಕಿದೆಯಾ? ಅದಿಲ್ಲದೆ ನಕ್ಷೆಯ ಬಣ್ಣಕ್ಕೆ ಅರ್ಥ ಇಲ್ಲ.

ಕಾಸರಗೋಡಿನವಳು:
@ಗಡಿಯಾಚೆ ಕಚೇರಿ ಒಪ್ಪಿದರೆ ಮಾತ್ರ ಬಣ್ಣ ಅನ್ನುವುದಾದರೆ ತುಳುವಿಗೆ ಎಲ್ಲಿಯೂ ಬಣ್ಣ ಸಿಗುವುದಿಲ್ಲ. ಯಾರ ಬಾಯಲ್ಲಿದೆ ಅಂತ ನೋಡಿ, ಯಾರ ಮುದ್ರೆಯಲ್ಲಿದೆ ಅಂತಲ್ಲ.

ಹಳೇಬಂದರು:
ವಲಸೆ ಹೋಗಿ ನೆಲೆಯಾದ ಮಲಯಾಳಂಗೆ ಇನ್ನೊಂದು ಉದಾಹರಣೆ ಇಸ್ರೇಲ್. ಕೊಚ್ಚಿಯ ಯಹೂದಿಗಳು ಹೆಚ್ಚಾಗಿ 1950ರ ದಶಕದಲ್ಲಿ ಅಲ್ಲಿಗೆ ಹೋದರು. ನೆಗೆವ್ ಮರುಭೂಮಿಯ ನೆವಾತಿಮ್ ಎಂಬ ಹಳ್ಳಿಯಲ್ಲಿ ಅವರ ಮನೆಗಳಿವೆ. ಹೆಂಗಸರು ಮದುವೆಯಲ್ಲಿ ಹಾಡುತ್ತಿದ್ದ ಹಳೆಯ ಮಲಯಾಳಂ ಹಾಡುಗಳನ್ನು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟುಕೊಂಡು ಹೋಗಿದ್ದರು. ಮರುಭೂಮಿಯ ಮಂಗೋಲಿಯನ್ ಇದ್ದ ಹಾಗೆ ಮರುಭೂಮಿಯ ಮಲಯಾಳಂ ಕೂಡ ಇದೆ.

ಪದಕಡಲೆ:
ಸ್ವಲ್ಪ ಬೇರೆ ದಾರಿ. ಮಂಗೋಲಿಯನ್‌ನಲ್ಲಿ ಅಣ್ಣನಿಗೆ 'ಅಖ್' ಅನ್ನುತ್ತಾರೆ, ನಾವು 'ಅಕ್ಕ' ಅನ್ನುತ್ತೇವೆ. ಮಾತಿನ ಜೋಡಣೆಯೂ ನಮ್ಮಂತೆಯೇ. 'ಬಿ ನೋಮ್ ಉನ್ಶ್‌ಸನ್' ಅಂದರೆ ನಾನು ಪುಸ್ತಕ ಓದಿದೆ. ಪದಕ್ಕೆ ಪದ ಅದೇ ಸಾಲು! ಹಾಗಾದರೆ ದ್ರಾವಿಡ ಭಾಷೆಗೂ ಮಂಗೋಲಿಯನ್‌ಗೂ ಮೂಲ ಒಂದೇ ಇರಬೇಕು.

ವ್ಯಾಕರಣಮೇಷ್ಟ್ರು:
ಆ ತೀರ್ಮಾನಕ್ಕೆ ಹೋಗಬೇಡಿ. ದ್ರಾವಿಡ ಭಾಷೆಗಳಿಗೂ ಮಧ್ಯ ಏಷ್ಯಾದ ಭಾಷೆಗಳಿಗೂ ನಂಟಿದೆ ಅಂತ ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್ 1856ರಲ್ಲೇ ಸೂಚಿಸಿದ್ದರು. ಇವತ್ತಿನವರೆಗೂ ಅದು ಸಾಬೀತಾಗಿಲ್ಲ. ಕ್ರಿಯಾಪದ ಕೊನೆಗೆ ಬರುವುದು ಜಪಾನಿಯಲ್ಲೂ ಇದೆ, ತುರ್ಕಿಯಲ್ಲೂ ಇದೆ. ಒಂದೆರಡು ಪದ ಹೋಲುವುದು ಕಾಕತಾಳೀಯ.

ಆದರೆ ನಿಮ್ಮ ವಾಕ್ಯದಲ್ಲೇ ನಿಜವಾದ ಸ್ವಾರಸ್ಯ ಒಂದಿದೆ. ಕನ್ನಡದಲ್ಲಿ ನಾನು ಓದಿದೆ, ಅವಳು ಓದಿದಳು, ಅವರು ಓದಿದರು. ಯಾರು ಓದಿದರು ಅಂತ ಕ್ರಿಯಾಪದವೇ ಹೇಳಿಬಿಡುತ್ತದೆ. ಮಲಯಾಳಂನಲ್ಲಿ ಞಾನ್ ವಾಯಿಚ್ಚು, ಅವಳ್ ವಾಯಿಚ್ಚು, ಅವರ್ ವಾಯಿಚ್ಚು. ಎಲ್ಲರಿಗೂ ಒಂದೇ. ಮಂಗೋಲಿಯಾದ ಮಾತಿನಲ್ಲೂ ಹಾಗೆಯೇ, ಯಾರು ಓದಿದರೂ 'ಉನ್ಶ್‌ಸನ್'. ಬುರ್ಯಾತ್, ಕಲ್ಮೀಕ್‌ನಲ್ಲಿ ಮಾತ್ರ ನಾನು, ನೀನು ಅನ್ನುವ ಗುರುತು ಕ್ರಿಯಾಪದಕ್ಕೆ ಅಂಟುತ್ತದೆ. ಅಂದರೆ ಈ ಒಂದು ವಿಷಯದಲ್ಲಿ ಕನ್ನಡ ಕಲ್ಮೀಕ್ ಕಡೆ, ಮಲಯಾಳಂ ಉಲಾನ್‌ಬಾತರ್ ಕಡೆ!

ಪದಕಡಲೆ:
ಮೇಷ್ಟ್ರೇ, ಇದು ಅಕ್ಕ, ಅಖ್‌ಗಿಂತ ಚೆನ್ನಾಗಿದೆ. ಒಪ್ಪಿದೆ.

ಪಂಚಾಂಗಪ್ರಿಯ:
ನಂಟು ಬೇಕಿದ್ದರೆ ಆಕಾಶ ನೋಡಿ. ಮಂಗೋಲಿಯನ್‌ನಲ್ಲಿ ಗ್ರಹಗಳ ಹೆಸರು ಬುದ್, ಸುಗರ್, ಅಂಗರಗ್, ಬರ್ಹಸ್ಬದ್, ಸಂಚಿರ್. ಬುಧ, ಶುಕ್ರ, ಅಂಗಾರಕ, ಬೃಹಸ್ಪತಿ, ಶನೈಶ್ಚರ. ಬೌದ್ಧ ಗ್ರಂಥಗಳ ಜೊತೆ ಸಂಸ್ಕೃತದಿಂದ ಹೋದ ಪದಗಳು. ಕೇರಳದಲ್ಲೂ ಬುಧನ್, ಶನಿ ಅಂತಲೇ ಲೆಕ್ಕ ಹಾಕುತ್ತಾರೆ.

ತೆಂಗಿನಗರಿ:
ಲಿಪಿ ಬಗ್ಗೆ ಯಾರೂ ಹೇಳಲಿಲ್ಲ. ಮಂಗೋಲಿಯನ್ ಮೇಲಿಂದ ಕೆಳಗೆ ಬರೆಯುತ್ತಾರಲ್ವಾ?

ಉತ್ತರದಗಾಳಿ:
ಗಡಿಯ ಎರಡು ಕಡೆ ಎರಡು ಲಿಪಿ. ಒಳ ಮಂಗೋಲಿಯಾದಲ್ಲಿ ಮೇಲಿಂದ ಕೆಳಗೆ ಇಳಿಯುವ ಹಳೆಯ ಲಿಪಿ ಉಳಿಯಿತು. ಮಂಗೋಲಿಯಾದಲ್ಲಿ 1940ರ ದಶಕದಲ್ಲಿ ರಷ್ಯನ್ ಅಕ್ಷರಕ್ಕೆ ಎರಡು ಅಕ್ಷರ ಸೇರಿಸಿ 35 ಅಕ್ಷರದ ಸಿರಿಲಿಕ್ ಮಾಡಿಕೊಂಡರು. ಅಣ್ಣ ತಮ್ಮ ಫೋನಿನಲ್ಲಿ ಮಾತಾಡಬಹುದು, ಕಾಗದ ಬರೆದರೆ ಓದಲಾರರು. ಈಗ 2025ರ ಜನವರಿಯಿಂದ ಮಂಗೋಲಿಯಾದ ಸರ್ಕಾರಿ ಕಾಗದಪತ್ರಗಳಲ್ಲಿ ಎರಡೂ ಲಿಪಿ ಇರಬೇಕು ಅಂತ ಕಾನೂನು ಬಂದಿದೆ. ದುಃಖದ ಸಂಗತಿ ಬೇರೆ ಇದೆ. ಹಳೆಯ ಲಿಪಿಯನ್ನು ಕಾಪಾಡಿಕೊಂಡಿದ್ದ ಒಳ ಮಂಗೋಲಿಯಾದಲ್ಲೇ 2020ರಲ್ಲಿ ಭಾಷೆ, ರಾಜಕೀಯ, ಇತಿಹಾಸದ ಪಾಠಗಳನ್ನು ಚೀನೀ ಭಾಷೆಗೆ ಬದಲಿಸಿದರು. ತಂದೆತಾಯಿ ಮಕ್ಕಳನ್ನು ಶಾಲೆಗೆ ಕಳಿಸದೆ ಪ್ರತಿಭಟಿಸಿದರು. ಆದರೂ ಆ ಬದಲಾವಣೆ ನಿಲ್ಲಲಿಲ್ಲ.

ಸುಳ್ಯದಸಂತೆ:
2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡಿದಾಗ ಕಾಸರಗೋಡಿನಲ್ಲಿ ಆದದ್ದೂ ಇದೇ ಅಲ್ವಾ?

ಕಾಸರಗೋಡಿನವಳು:
ಇದೇ ಅಂತ ಹೇಳಲಾರೆ. ನಾವು ಬೀದಿಗೆ ಇಳಿದೆವು, ಕೂಗಿದೆವು, ಪತ್ರಿಕೆಗಳು ಬರೆದವು. ನಮ್ಮ ಕನ್ನಡ ಶಾಲೆಗಳು ಇವತ್ತೂ ತೆರೆದಿವೆ. ಅಲ್ಲಿನವರು ಪ್ರತಿಭಟಿಸಿದರೂ ಪಾಠಗಳು ಬದಲಾಗಿಯೇ ಹೋದವು. ಆದರೆ ಭಯ ಅದೇ ಜಾತಿಯದು. ಕನ್ನಡ ಬಾರದ ಮೇಷ್ಟ್ರನ್ನು ಕನ್ನಡ ಮಾಧ್ಯಮದ ತರಗತಿಗೆ ಹಾಕಿದಾಗ ನನ್ನ ತಂಗಿಯ ಮಗಳು ಗಣಿತವನ್ನು ಊಹೆ ಮಾಡಿ ಕಲಿಯಬೇಕಾಯಿತು. ಒಂದು ವರ್ಷ ಹೀಗೇ ಹೋಯಿತು.

ಗೋಡೆನಕ್ಷೆ:
ಎಲ್ಲರಿಗೂ ಧನ್ಯವಾದ. ರಾತ್ರಿ ಹುಡುಗನಿಗೆ ಎಲ್ಲವನ್ನೂ ಓದಿ ಹೇಳಿದೆ. ಬಣ್ಣ ಬಳಿಯುವುದನ್ನು ಬಿಟ್ಟು ಚುಕ್ಕೆ ಇಡಲು ಶುರುಮಾಡಿದ್ದಾನೆ. ಒಂದು ಲಕ್ಷ ಜನಕ್ಕೆ ಒಂದು ಚುಕ್ಕೆ ಅಂತ ಲೆಕ್ಕ. ಕೇರಳದಲ್ಲಿ ಚುಕ್ಕೆಗಳು ಒಂದರ ಮೇಲೊಂದು ಬಿದ್ದು ಕಡು ಹಸಿರಾಯಿತು. ಕರ್ನಾಟಕದೊಳಗೂ ಏಳು ಹಸಿರು ಚುಕ್ಕೆ ಬಂತು, ಬೆಂಗಳೂರು, ಮಂಗಳೂರು, ಕೊಡಗಿನ ಕಡೆ. ಮಂಗೋಲಿಯಾದಲ್ಲಿ ಚುಕ್ಕೆ ದೂರ ದೂರ. ಕಲ್ಮೀಕಿಯಾಕ್ಕೆ ಎಷ್ಟು ಇಡಬೇಕು ಅಂತ ಗೊತ್ತಾಗದೆ ಪೆನ್ಸಿಲ್‌ನಲ್ಲಿ ತೆಳುವಾಗಿ ಉಜ್ಜಿದ್ದಾನೆ.

ಒಂದು ಅನುಮಾನ ಉಳಿದಿದೆ. ಮುಂಡಗೋಡದಲ್ಲಿ ಲಕ್ಷ ಜನ ಮಂಗೋಲರಿಲ್ಲ. ಆದರೂ ಅಲ್ಲಿ ಒಂದು ಹಳದಿ ಚುಕ್ಕೆ ಇಡಬೇಕು ಅಂತ ಹಟ ಹಿಡಿದಿದ್ದಾನೆ. ಲೆಕ್ಕ ತಪ್ಪುತ್ತದೆ ಅಂದರೆ ಕೇಳುತ್ತಿಲ್ಲ.

ಮುಂಡಗೋಡದವ:
ಇಡಲಿ ಬಿಡಿ. ಅಂಗಡಿ ಕಟ್ಟೆ ಇನ್ನೂ ಹಾಗೇ ಇದೆ. ರಜೆಯಲ್ಲಿ ಕರೆದುಕೊಂಡು ಬನ್ನಿ, ಮಠವನ್ನೂ ತೋರಿಸುತ್ತೇನೆ.

ಪಾಲಕ್ಕಾಡ್ ಗಾಳಿ:
ಲಕ್ಷದ್ವೀಪಕ್ಕೆ ಹಸಿರು ಇಡುವಾಗ ಮಿನಿಕಾಯ್ ದ್ವೀಪ ಬಿಡಲು ಹೇಳಿ. ಅಲ್ಲಿ ಮಹಲ್ ಮಾತಾಡುತ್ತಾರೆ, ಮಾಲ್ಡೀವ್ಸ್‌ನ ಭಾಷೆ.

ಗೋಡೆನಕ್ಷೆ:
ಅಯ್ಯೋ, ಇಟ್ಟಾಗಿದೆ. ರಬ್ಬರ್ ಹುಡುಕುತ್ತಿದ್ದಾನೆ.